ಯಾಣದ ಕಾಲುದಾರಿ, ಕುಮಟಾದ ಹತ್ತಿ

ಡಿಸೆಂಬರ್ ತಿಂಗಳು ಬಂತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆ-ಕಾಲೇಜುಗಳಿಂದ ಪ್ರವಾಸದ ಬಸ್ಸುಗಳು ಪಶ್ಚಿಮಕ್ಕೆ ಮುಖ ಮಾಡುತ್ತವೆ. ಶಿರಸಿ, ಯಾಣ, ಗೋಕರ್ಣ, ಮುರ್ಡೇಶ್ವರ, ಜೋಗ. ಎರಡು ದಿನಕ್ಕೆ ಐದು ಸ್ಥಳ. ಅಧ್ಯಾಪಕನಾಗಿ ನಾನೂ ಇಂಥ ಬಸ್ಸುಗಳಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಒಂದು ವರ್ಷ ಯಾಣದ ಕಾಡುದಾರಿಯಲ್ಲಿ ನಡೆಯುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಮೋಟಾರು ಇಲ್ಲದ ಕಾಲದಾಗ ನಮ್ಮ ಕಡೆಯವರು ಈ ಘಟ್ಟಕ್ಕ ಬರತಿದ್ರೇನು? ಯಾಕ ಬರತಿದ್ರು?"

"ಜಾತ್ರೆಗೆ ಬರುತ್ತಿದ್ದರಮ್ಮ" ಎಂದು ಹೇಳಿ ಮುಂದೆ ನಡೆದೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಬಂಡೆಯ ಮಾತು. ಯಾಣ ಇರುವುದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟ ಕಾಡಿನ ನಡುವೆ. ಅಲ್ಲಿ ಎರಡು ಹೆಬ್ಬಂಡೆಗಳಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಇವು ಹಂಪಿಯಲ್ಲೋ ರಾಮನಗರದಲ್ಲೋ ಕಾಣುವ ಗ್ರಾನೈಟ್ ಗುಡ್ಡಗಳಲ್ಲ, ಬಾದಾಮಿಯ ಮರಳುಗಲ್ಲೂ ಅಲ್ಲ. ಇದು ಸುಣ್ಣದಕಲ್ಲು. ನಮ್ಮ ಧಾರವಾಡದ ಹೆಸರನ್ನೇ ಹೊತ್ತಿರುವ ಶಿಲಾವರ್ಗಕ್ಕೆ ಇದು ಸೇರಿದೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆ ಹೆಸರನ್ನು 1880ರ ದಶಕದಲ್ಲಿ ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಅದು ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿದು ಕಲ್ಲನ್ನೇ ಕರಗಿಸುತ್ತದೆ. ಯಾಣದ ಚೂಪು ತುದಿಗಳು, ಸೀಳುಗಳು, ಒಳಗಿನ ಗುಹೆ ಎಲ್ಲವೂ ಆ ನೀರಿನ ಕೆಲಸ. ಗುಹೆಯೊಳಗಿನ ಲಿಂಗದ ಮೇಲೆ ಹನಿಯುವ ನೀರೂ ಅದೇ. ಕಲ್ಲು ಇಷ್ಟು ಕಪ್ಪಾಗಿರುವುದು ಭಸ್ಮಾಸುರನ ಬೂದಿಯಿಂದ ಎಂದು ಜನ ಹೇಳುತ್ತಾರೆ. ಹತ್ತಿರದ ಜಲಪಾತಕ್ಕೆ ವಿಭೂತಿ ಎಂಬ ಹೆಸರು. ದಾಂಡೇಲಿಯ ಬಳಿಯ ಕವಳಾ ಗುಹೆಯಲ್ಲಿ ಲಿಂಗವೆಂದು ಪೂಜೆಗೊಳ್ಳುವ ಕಲ್ಲು ಕೂಡ ಹೀಗೆ ಹನಿ ಹನಿಯಾಗಿ ಇಳಿದ ಸುಣ್ಣ ಗಟ್ಟಿಯಾಗಿ ನಿಂತದ್ದು.

ಕರಗುವ ಸ್ವಭಾವದ ಕಲ್ಲು ಹತ್ತುವವರ ಕೈಗೆ ನಂಬಿಕೆಯದಲ್ಲ. ಬಾದಾಮಿಗೆ ಹಗ್ಗ ಕಟ್ಟಿ ಬಂಡೆ ಏರುವವರು ದೇಶವಿದೇಶಗಳಿಂದ ಬರುತ್ತಾರೆ. ಯಾಣದಲ್ಲಿ ಏರುವುದಿಲ್ಲ, ಸುತ್ತುತ್ತಾರೆ. ಅದು ಪೂಜೆಯ ಸ್ಥಳ. ಜೊತೆಗೆ ಬಂಡೆಯ ಮೈಗೆ ದೊಡ್ಡ ದೊಡ್ಡ ಹೆಜ್ಜೇನು ಹುಟ್ಟಿಗಳು ಜೋತುಬಿದ್ದಿರುತ್ತವೆ. ಅಲ್ಲಿ ಕೂಗಾಡುವ ಹುಡುಗರನ್ನು ಕಂಡರೆ ನನಗೆ ಎದೆ ಡವಡವ ಎನ್ನುತ್ತದೆ. ಆದ್ದರಿಂದ ಯಾಣದ ಚಾರಣ ಎಂದರೆ ಶಿಖರದ ಚಾರಣವಲ್ಲ, ದಾರಿಯ ಚಾರಣ. ಶಿರಸಿ ಕಡೆಯಿಂದ ದೇವನಹಳ್ಳಿಯ ಮೇಲೆ ಒಂದು ದಾರಿ, ಕುಮಟಾ ರಸ್ತೆಯಲ್ಲಿ ಆನೆಗುಂದಿ ಕಡೆಯಿಂದ ಒಂದು, ವಡ್ಡಿ ಘಟ್ಟ ಇಳಿದು ಅಂಕೋಲೆಯ ಅಚವೆ ಕಡೆಗೆ ಒಂದು. ಮಳೆಗಾಲದಲ್ಲಿ ಉಂಬಳಗಳ ಕಾಟ.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ನಮ್ಮ ಕಡೆಯೂ ಇದೆ. ಗೋಕರ್ಣಕ್ಕೆ ಹಣ ಸಾಕು, ಯಾಣಕ್ಕೆ ಮೈಯಲ್ಲಿ ಕಸುವು ಬೇಕು ಎಂದು ಅದರ ಅರ್ಥ. ಶಿವರಾತ್ರಿಯ ಜಾತ್ರೆಗೆ ಬರುವವರು ಇಲ್ಲಿಯ ತೀರ್ಥವನ್ನು ಗೋಕರ್ಣಕ್ಕೆ ಒಯ್ಯುವ ರೂಢಿಯೂ ಉಂಟು. 1996ರಲ್ಲಿ 'ನಮ್ಮೂರ ಮಂದಾರ ಹೂವೇ' ಚಿತ್ರ ಬಂದ ಮೇಲೆ ಯಾಣ ನಾಡಿಗೆಲ್ಲ ಪರಿಚಯವಾಯಿತು. ಆಮೇಲೆ ಸೊಕ್ಕು ಬೇಕಾಗಲಿಲ್ಲ, ಬಸ್ಸಿನ ಸೀಟು ಸಾಕಾಯಿತು!

ಇನ್ನು ಆ ಹುಡುಗಿಯ ಪ್ರಶ್ನೆ. ನಮ್ಮ ಮನೆತನ ಪಿಂಜಾರರದು. ಅಜ್ಜ ಬಿಲ್ಲು ಹಿಡಿದು ಅರಳೆ ಹಿಂಜಿ, ಊರೂರು ತಿರುಗಿ ಗಾದಿ, ತಲೆದಿಂಬು ತುಂಬಿ ಕೊಡುತ್ತಿದ್ದ. ಒಳ್ಳೆಯ ನಾಡಹತ್ತಿ ಕೈಗೆ ಸಿಕ್ಕರೆ "ಇದು ಕುಮಟಾ ಹತ್ತಿ ನೋಡು" ಎನ್ನುತ್ತಿದ್ದ. ಕುಮಟಾ ಕರಾವಳಿಯ ಊರು. ಅಲ್ಲಿ ತೆಂಗು, ಭತ್ತ, ಮೀನು, ಉಪ್ಪು ಉಂಟು. ಹತ್ತಿ ಬೆಳೆಯುವ ಎರೆಮಣ್ಣು ಎಲ್ಲಿ ಬರಬೇಕು? ಬೆಳೆಯುವುದು ನಮ್ಮ ಹೊಲದಲ್ಲಿ, ಹೆಸರು ಮಾತ್ರ ಕುಮಟಾದ್ದು. ಚಿಕ್ಕಂದಿನಲ್ಲಿ ಅಜ್ಜನನ್ನು ಕೇಳಿದ್ದೆ. "ಆ ಊರಿಗೆ ಹೊಕ್ಕತಿತ್ತಲ್ಲ, ಅದಕ್ಕ" ಎಂದಷ್ಟೇ ಹೇಳಿ ಬಿಲ್ಲಿನ ತಂತಿ ಮಿಡಿದ.

ಆ ಒಂದು ಮಾತಿನಲ್ಲಿ ನೂರು ವರ್ಷದ ಚರಿತ್ರೆ ಅಡಗಿದೆ ಎಂದು ತಿಳಿದದ್ದು ಬಹಳ ತಡವಾಗಿ. ಹುಬ್ಬಳ್ಳಿ, ಧಾರವಾಡ ಸೀಮೆಯ ನಾಡಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು; ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ. ದೂರದ ವ್ಯಾಪಾರಿಗಳಿಗೆ ಬೆಳೆದ ಹೊಲ ಕಾಣಿಸಲಿಲ್ಲ, ಹಡಗು ಹತ್ತಿದ ಬಂದರು ಕಾಣಿಸಿತು. ಪೇಟೆಯಲ್ಲಿ ಕುಮಟಾ ಎಂಬ ಹೆಸರೇ ನಿಂತಿತು. ಸರಕಾರವು 1840ರ ದಶಕದಲ್ಲಿ ಅಮೆರಿಕದ ಬೀಜ ತರಿಸಿ ನಮ್ಮ ಸೀಮೆಯಲ್ಲಿ ಬಿತ್ತಿಸಿದ ತಳಿಗಾದರೂ 'ಧಾರವಾಡ-ಅಮೆರಿಕನ್' ಎಂಬ ಹೆಸರು ಬಂತು. ನಮ್ಮದೇ ತಳಿಗೆ ಮಾತ್ರ ನಮ್ಮ ಊರಿನ ಹೆಸರು ದಕ್ಕಲಿಲ್ಲ.

ಈ ಸಾಗಾಟದಲ್ಲಿ ದಾರಿಯೇ ದೊಡ್ಡ ತೊಡಕಾಗಿತ್ತು. ನಾಡಹತ್ತಿ ಬಿತ್ತುವುದು ಮಳೆಯ ನಡುವಿಗೆ, ಬಿಡಿಸುವುದು ಮಾರ್ಚ್-ಏಪ್ರಿಲ್ ಸುಮಾರಿಗೆ. ಜೂನ್ ಹತ್ತಿರ ಬಂದರೆ ಕಡಲು ಕೆರಳಿ ಹಾಯಿಹಡಗುಗಳು ಬಂದರು ಬಿಡುವುದಿಲ್ಲ. ಹೀಗಾಗಿ ಹತ್ತಿ ಬಿಡಿಸಿ, ಕಾಳು ತೆಗೆದು, ಹೇರು ಕಟ್ಟಿ, ಘಟ್ಟ ಇಳಿಸಿ ಹಡಗಿಗೆ ಮುಟ್ಟಿಸಲು ಕೈಯಲ್ಲಿ ಉಳಿಯುತ್ತಿದ್ದದ್ದು ಕೆಲವೇ ವಾರ. ಮೊದಲು ಹೋಗುತ್ತಿದ್ದದ್ದು ಹೇರೆತ್ತುಗಳ ಮೇಲೆ. ಎತ್ತಿನ ಎರಡೂ ಮಗ್ಗುಲಿಗೆ ಹೇರು ಇಳಿಬಿಟ್ಟು ಲಂಬಾಣಿಗರು ಸಾಲುಸಾಲಾಗಿ ಹೊಡೆದುಕೊಂಡು ಹೋಗುತ್ತಿದ್ದರು. ಹಾನಗಲ್ಲಿನವರಿಗೆ ಶಿರಸಿ ಹತ್ತಿರ. ಶಿಗ್ಗಾವಿ, ಸವಣೂರಿನವರಿಗೆ ಮುಂಡಗೋಡದ ಕಡೆಯಿಂದ ದಾರಿ. ಹಿರೇಕೆರೂರಿನಿಂದ ಬನವಾಸಿಗೆ ಹೊರಳಿದರೂ ಕೊನೆಗೆ ಸಿಕ್ಕುವುದು ಶಿರಸಿಯೇ. ಅಲ್ಲಿಂದ ಕುಮಟಾಕ್ಕೆ ಇಳಿಯಬೇಕಾದರೆ ದೇವಿಮನೆ ಘಟ್ಟ. ಯಾಣದ ಬಂಡೆಗಳು ಇರುವುದು ಈ ಘಟ್ಟದ ಸೀಮೆಯಲ್ಲಿಯೇ. ಹತ್ತಿಯ ಹೆದ್ದಾರಿ ದೇವಿಮನೆಯದು, ಯಾಣದ್ದು ಯಾತ್ರಿಕರ ಕಾಲುದಾರಿ, ಎರಡನ್ನೂ ಬೆರೆಸಬಾರದು. ಆದರೆ ಮೋಟಾರು ಮುಟ್ಟದ ಘಟ್ಟದ ದಾರಿ ಹೇಗಿದ್ದೀತು ಎಂಬ ಅಂದಾಜು ಇಂದು ಸಿಕ್ಕುವುದು ಯಾಣದ ಕಾಲುದಾರಿಯಲ್ಲಿ ನಡೆದಾಗಲೇ.

ಎತ್ತುಗಳು ಬರಿಬೆನ್ನಿನಲ್ಲಿ ಮರಳುತ್ತಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೆ ಬರುತ್ತಿದ್ದವು. ಇಲ್ಲಿ ಒಂದು ವಿಚಿತ್ರ ನೋಡಿ. ಯಾಣದಲ್ಲಿ ಸುಣ್ಣದಕಲ್ಲಿನ ಬೆಟ್ಟವೇ ನಿಂತಿದೆ, ಆದರೆ ಕರಾವಳಿಯವರು ಸುಣ್ಣ ಸುಟ್ಟದ್ದು ಅಘನಾಶಿನಿ ನದಿಯ ಅಳಿವೆಯ ಚಿಪ್ಪುಗಳಿಂದ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಸವಣೂರಿನ ಎಲೆ, ಶಿರಸಿಯ ಅಡಿಕೆ, ಕಡಲ ಕಡೆಯ ಸುಣ್ಣ. ಹಾದಿಯ ಮೂರು ಊರು ಸೇರಿದರೆ ಒಂದು ಕವಳ.

ಇಂಥ ಹಾದಿ ಕೆಟ್ಟುಹೋಗಿದ್ದರೂ ಬಹುಕಾಲ ಯಾರೂ ಕೇಳಲಿಲ್ಲ. ಅದಕ್ಕೆ ಕಾರಣ ಘಟ್ಟವಲ್ಲ, ಗಡಿ. ಟಿಪ್ಪು ಸುಲ್ತಾನರು 1799ರಲ್ಲಿ ಮಡಿದ ಮೇಲೆ ಕೆನರಾ ಸೀಮೆ ಕಂಪನಿಯ ಕೈಸೇರಿತು, ಮದ್ರಾಸ್ ಸರಕಾರದ ಆಡಳಿತಕ್ಕೆ ಹೋಯಿತು. 1801ರಲ್ಲಿಯೇ ಫ್ರಾನ್ಸಿಸ್ ಬುಕಾನನ್ ಕರಾವಳಿಯಿಂದ ಘಟ್ಟ ಹತ್ತಿ ಸೋಂದೆ, ಶಿರಸಿ, ಬನವಾಸಿಯ ಹಾದಿಯಲ್ಲಿ ಬೆಳೆ, ಜನ, ಕಾಡು ಎಲ್ಲವನ್ನೂ ಬರೆದುಕೊಂಡು ಹೋದ. ಧಾರವಾಡ ಸೀಮೆ 1818ರಲ್ಲಿ ಪೇಶ್ವೆಯ ಪತನದೊಂದಿಗೆ ಮುಂಬಯಿ ಸರಕಾರಕ್ಕೆ ಬಂತು. ಅಂದರೆ ಹತ್ತಿಯ ಹೊಲ ಮುಂಬಯಿಯದು, ಘಟ್ಟವೂ ಬಂದರೂ ಮದ್ರಾಸಿನದು. ತನ್ನ ಬೊಕ್ಕಸದ ಹಣ ಹಾಕಿ ಮುಂಬಯಿಯ ಹತ್ತಿಗೆ ರಸ್ತೆ ಮಾಡಿಕೊಡುವ ಆತುರ ಮದ್ರಾಸಿಗೆ ಇರಲಿಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ದೇವಿಮನೆಯಲ್ಲಿ ಗಾಡಿಗಳು ಓಡಾಡತೊಡಗಿದರೂ ದಾರಿಯ ಬಗ್ಗೆ, ದಾರಿಯಲ್ಲಿ ಹತ್ತಿಗೆ ಸೇರುವ ಧೂಳು-ಕೆಸರಿನ ಬಗ್ಗೆ ವ್ಯಾಪಾರಿಗಳ ದೂರು ನಿಲ್ಲಲಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಕಂಗೆಟ್ಟವು. ಆಗ ಸರಕಾರಕ್ಕೆ ಕಣ್ಣು ತೆರೆಯಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಹೋಯಿತು. ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ಎರಡು ಹೆಸರುಗಳ ಹಿಂದೆ ನಮ್ಮ ಹೊಲದ ಹತ್ತಿಯ ಪಾಲೂ ಇದೆ ಎಂದರೆ ತಪ್ಪಾಗದು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಕಣ್ಣಾರೆ ಕಂಡ ಕಾಲ ಇದು.

1865ರಲ್ಲಿ ಆ ಯುದ್ಧ ಮುಗಿದು ಬೆಲೆ ಕುಸಿಯಿತು. ದಾರಿಗೆ ಕೊನೆಯ ಪೆಟ್ಟು ಕೊಟ್ಟದ್ದು ರೈಲು. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಹಾವೇರಿಗಳನ್ನು ಮುಟ್ಟಿತು. ಲೋಂಡಾದ ಮೇಲೆ ಮರ್ಮಗೋವಾ ಬಂದರಿನ ದಾರಿ ತೆರೆಯಿತು. ಹತ್ತಿ ರೈಲು ಹತ್ತಿತು, ಕುಮಟಾ ಬಂದರು ಬರಿದಾಯಿತು. ಹತ್ತಿಯ ಹೆಸರು ಮಾತ್ರ ಉಳಿದು, ನಮ್ಮ ಅಜ್ಜನ ಬಾಯಿಯವರೆಗೂ ಬಂತು.

ಈ ಹಾದಿಯ ಆಚೆ ತುದಿಯಲ್ಲಿ ಏನಿತ್ತು ಎಂಬುದನ್ನೂ ನಮ್ಮ ಸಂಸ್ಥೆಯ ವಿದ್ಯಾರ್ಥಿನಿಯರು ತಿಳಿಯಬೇಕು. ಕುಮಟಾದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಹೊನ್ನಾವರ. 14ನೇ ಶತಮಾನದ ನಡುವೆ, 1342ರ ಸುಮಾರಿಗೆ, ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಅಲ್ಲಿಗೆ ಬಂದಿದ್ದ. ಆಗ ಅಲ್ಲಿ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಬತೂತಾ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳುತ್ತಾನೆ. ಹೆಣ್ಣುಮಕ್ಕಳ ಶಾಲೆ ನಮಗೆ ಹೊಸದು ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೊನ್ನಾವರದವರೆಗೆ ಹೋಗಿಬರಬೇಕು ಎಂದು ನನಗೆ ಅನಿಸುವುದುಂಟು. ಹೊನ್ನಾವರದ ದಕ್ಷಿಣಕ್ಕೆ ಮಲಬಾರಿನ ದಾರಿಯಲ್ಲಿ ಅರ್ಧ ಮೈಲಿಗೊಂದು ನೆರಳಿನ ತಂಗುದಾಣವೂ ಬಾವಿಯೂ ಇದ್ದವೆಂದು, ಕೂಲಿಯಾಳುಗಳು ಸಾಮಾನನ್ನು ಬೆನ್ನ ಮೇಲೆ ಹೊತ್ತೇ ನಡೆಯುತ್ತಿದ್ದರೆಂದು ಕೂಡ ಅವನು ಹೇಳುತ್ತಾನೆ.

ಈಚಿನ ವರ್ಷಗಳಲ್ಲಿ ಶಿರಸಿ-ಕುಮಟಾ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿ ಅಗಲವಾಗುತ್ತಿದೆ. ಮರಗಳು ಬಿದ್ದಿವೆ, 2024ರ ಮಳೆಗಾಲದಲ್ಲಿ ದೇವಿಮನೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ರಸ್ತೆ ಬೇಡ ಎನ್ನಲಾರೆ. ಒಳ್ಳೆಯ ರಸ್ತೆಗಾಗಿ ಈ ಘಟ್ಟ ಕಾದದ್ದು ಎಷ್ಟೆಂದು ಮೇಲೆ ಹೇಳಿದ್ದೇನಲ್ಲ. ಆದರೆ ಹಳೆಯ ದಾರಿಯ ಗುರುತು ಉಳಿದಿರುವುದು ಇಳಿವಯಸ್ಸಿನವರ ಮಾತಿನಲ್ಲಿ. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮ ಅಜ್ಜನನ್ನು ಎರಡನೆಯ ಪ್ರಶ್ನೆ ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಪ್ರವಾಸದಿಂದ ಮರಳಿದ ಮೇಲೆ ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ, ಮನೆಯಲ್ಲಿ ಹಿರಿಯರನ್ನು ಕೇಳಿ ಬಾ ಎಂದೆ. ಒಂದು ವಾರ ಬಿಟ್ಟು ಬಂದಳು. "ಸರ್, ನಮ್ಮ ನಾನಿ ಸಣ್ಣಾಕಿ ಇದ್ದಾಗ ಮನ್ಯಾಗ ಕಲ್ಲುಪ್ಪಿಗೆ ಘಟ್ಟದ ಕೆಳಗಿನ ಉಪ್ಪು ಅಂತಿದ್ರಂತ. ಅವರ ಅಜ್ಜ ಗಾಡಿ ಹೊಡಕೊಂಡು ಹೋಗಿ ತರತಿದ್ರಂತ. ಹೋಗೂಮುಂದ ಗಾಡ್ಯಾಗ ಏನಿತ್ತು ಅಂತ ಕೇಳೂದು ಮರತೆ. ಇವತ್ತ ಸಂಜೀಕ ಕೇಳತೀನಿ."