ಹತ್ತು ಬಂದೂಕುಗಳ ಪರೀಕ್ಷೆ

ಹಲಗಲಿಯ ಬೇಡರ ಲಾವಣಿಯನ್ನು ಪಾಠ ಹೇಳುವಾಗ 1857ರ ನಿಶ್ಶಸ್ತ್ರೀಕರಣದ ಕಾನೂನಿನ ಮಾತು ಬಂದೇ ಬರುತ್ತದೆ. ಆಯುಧಗಳನ್ನು ಒಪ್ಪಿಸಿರೆಂದು ಕುಂಪಣಿ ಸರ್ಕಾರ ಹೇಳಿತು. ಮುಧೋಳ ಸೀಮೆಯ ಬೇಡರು ಒಪ್ಪಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಈ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಆ ಕಾಲದಲ್ಲಿ ಒಂದು ಬಂದೂಕಿನ ಕುದುರೆ ಮುರಿದರೆ ಇನ್ನೊಂದರದು ಅದಕ್ಕೆ ಕೂರುತ್ತಿತ್ತೇ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ಆತ ಕಮ್ಮಾರರ ಮನೆಯ ಹುಡುಗ. ಅದೇ ವರ್ಷ ನನ್ನ ಕೋಣೆಗೆ ಬಂದು, ಬಿ.ಎ. ಬಿಟ್ಟು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ವಿದ್ಯೆ ಕಲಿಯಲು ಡಿಪ್ಲೊಮಾಕ್ಕೆ ಸೇರಲೇ ಎಂದು ಸಲಹೆ ಕೇಳಿದ. “ಮೊದಲು ಪದವಿ ಮುಗಿಸಯ್ಯ, ಕೈಕೆಲಸ ಎಲ್ಲಿಗೆ ಓಡಿಹೋಗುತ್ತದೆ?” ಎಂದೆ. ಅವನು ನನ್ನ ಮಾತು ಕೇಳಲಿಲ್ಲ. ಅವನ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿದುಕೊಂಡಿತು. ಅದರ ಉತ್ತರವನ್ನು ಹುಡುಕುತ್ತ ಹೋದವನು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ, ಅಂದರೆ ಆ ಊರಿನ ಪುಸ್ತಕಗಳಿಗೆ, ಹೋಗಿ ಮುಟ್ಟಿದೆ.

ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ, ‘ಸಾಮಾನ್ಯವಾಗಿ ಕೂರುತ್ತಿರಲಿಲ್ಲ’ ಎಂಬುದು. ಕೈಯಿಂದ ಮಾಡಿದ ಬಂದೂಕು ಒಂದು ಸಂಸಾರದಂತೆ. ಅದರ ಕುದುರೆ, ಕಮಾನು, ತಿರುಪುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆಯೇ ಹೊರತು ನೆರೆಮನೆಯವರೊಡನೆ ಹೊಂದುವುದಿಲ್ಲ. ಅರ ಹಿಡಿದು ಉಜ್ಜಿ, ಕೂಡಿಸಿ ನೋಡಿ, ಮತ್ತೆ ಉಜ್ಜಿ ಹೊಂದಿಸುವುದೇ ಕುಶಲಿಯ ವಿದ್ಯೆ. ಅದನ್ನು ಕಲಿಯಲು ಹುಡುಗ ಗುರುವಿನ ಮನೆಯಲ್ಲಿ ಹಲವು ವರ್ಷ ಕಳೆಯಬೇಕಾಗಿತ್ತು. ಇಂಗ್ಲೆಂಡಿನ ಹಳೆಯ ಕಟ್ಟಳೆಯಂತೆ ಏಳು ವರ್ಷ.

ಕನೆಕ್ಟಿಕಟ್ ನದಿಯ ದಂಡೆಯಲ್ಲಿರುವ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ವಾತಂತ್ರ್ಯ ಯುದ್ಧದ ಕಾಲಕ್ಕೆ, 1777ರಲ್ಲಿ, ಒಂದು ಶಸ್ತ್ರಾಗಾರವಾಯಿತು. 1794ರಲ್ಲಿ ಅದು ಬಂದೂಕು ತಯಾರಿಸುವ ಸರ್ಕಾರಿ ಕಾರ್ಖಾನೆಯಾಯಿತು. ಮರುವರ್ಷ ಅಲ್ಲಿ ತಯಾರಾದದ್ದು 245 ಬಂದೂಕು, ಅಷ್ಟೆ. ಎಲ್ಲವೂ ಅರದ ಕೆಲಸ.

ಇಲ್ಲಿಗೆ ಬಂದವನು ಥಾಮಸ್ ಬ್ಲಾಂಚರ್ಡ್, ಆ ಸೀಮೆಯವನೇ, 1788ರಲ್ಲಿ ಹುಟ್ಟಿದವನು. ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಮಿಲ್‌ಬರಿ ಎಂಬಲ್ಲಿಯ ಖಾಸಗಿ ಕಾರ್ಖಾನೆಯೊಂದರಲ್ಲಿ ಅವನು ಬಂದೂಕಿನ ನಳಿಗೆಯನ್ನು ಕಡೆಯುವ ಹೊಸ ಯಂತ್ರವನ್ನು ನಡೆಸಿ ತೋರಿಸಿದಾಗ, ನಳಿಗೆಯವರ ಮುಖಗಳು ಬಾಡಿದವಂತೆ. ಅಲ್ಲಿದ್ದ ಮರದ ಹಿಡಿ ಕೆತ್ತುವವನೊಬ್ಬ ಮಾತ್ರ, ನನ್ನ ಕೆಲಸವನ್ನು ನೀನು ಕೆಡಿಸಲಾರೆ, ಬಂದೂಕಿನ ಹಿಡಿಯನ್ನು ಕಡೆಯುವುದು ನಿನ್ನಿಂದಾಗದು ಎಂದು ಬೀಗಿದನಂತೆ. ಅವನ ಮಾತಿನಲ್ಲಿ ನ್ಯಾಯವಿತ್ತು. ಚರಕಿಯಲ್ಲಿ ಕಡೆದದ್ದು ದುಂಡಗೇ ಬರಬೇಕು, ಬುಗುರಿಯಂತೆ. ಬಂದೂಕಿನ ಹಿಡಿಯೋ ಎಲ್ಲಿಯೂ ದುಂಡಗಿಲ್ಲ. ಒಂದೆಡೆ ಉಬ್ಬು, ಒಂದೆಡೆ ಬಳುಕು. ಬ್ಲಾಂಚರ್ಡ್ ಯೋಚಿಸುತ್ತ ಊರಿಗೆ ಹೊರಟ. ದಾರಿಯಲ್ಲಿ ಉಪಾಯ ಹೊಳೆಯಿತು. ಒಂದು ಮಾದರಿ ಹಿಡಿ, ಅದರ ಪಕ್ಕದಲ್ಲೇ ಮರದ ತುಂಡು, ಎರಡೂ ಒಟ್ಟಿಗೆ ತಿರುಗುತ್ತವೆ. ಮಾದರಿಯ ಮೈಯನ್ನು ಸವರುತ್ತ ಒಂದು ಗಾಲಿ ಏರಿಳಿಯುತ್ತದೆ. ಅದು ಏರಿದಂತೆ, ಇಳಿದಂತೆ ಕೊರೆಯುವ ಗಾಲಿಯೂ ಏರಿಳಿದು ಮರದಲ್ಲಿ ಅದೇ ರೂಪವನ್ನು ತೆಗೆಯುತ್ತದೆ. 1820ರ ಸುಮಾರಿಗೆ ಇದಕ್ಕೆ ಪೇಟೆಂಟು ದೊರೆಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಯಂತ್ರವನ್ನು ಹೂಡಿಕೊಂಡು ಹಿಡಿಯೊಂದಕ್ಕೆ 9 ಸೆಂಟಿನಂತೆ ಅವನಿಗೆ ಕೊಡುತ್ತಿತ್ತು. ಬೀಗಿದ ಆ ಬಡಗಿ ಮುಂದೇನಾದನೋ, ಕಥೆ ಹೇಳುವುದಿಲ್ಲ.

ಇಂಥ ಯಂತ್ರಗಳ ಜೊತೆಗೆ ಇನ್ನೊಂದು ವಸ್ತುವೂ ಆ ಕಾರ್ಖಾನೆಯಲ್ಲಿ ಬೆಳೆಯಿತು. ನೋಡಲು ಏನೂ ಅಲ್ಲ, ಉಕ್ಕಿನ ಒಂದು ತುಂಡು, ಗೇಜು. ಪ್ರತಿಯೊಂದು ಭಾಗವನ್ನೂ ಇದಕ್ಕೆ ಹಿಡಿದು ನೋಡಿ, ಹೊಂದಿದರೆ ಸರಿ, ಹೊಂದದಿದ್ದರೆ ಎಸೆ. ಕುಶಲಿಯ ಕಣ್ಣಿನ ತೀರ್ಪು ಉಕ್ಕಿನ ತುಂಡಿಗೆ ಹೋಯಿತು.

ಇದರ ಫಲ ಜಗತ್ತಿಗೆ ಕಂಡದ್ದು 1854ರಲ್ಲಿ. ಅಮೆರಿಕದ ಯಂತ್ರಗಳನ್ನು ನೋಡಿ ವರದಿ ಮಾಡಲು ಬ್ರಿಟಿಷ್ ಸರ್ಕಾರ ಕಳುಹಿಸಿದ ಸಮಿತಿ ಸ್ಪ್ರಿಂಗ್‌ಫೀಲ್ಡಿಗೆ ಬಂತು. 1844ರಿಂದ 1853ರವರೆಗಿನ ಹತ್ತು ವರ್ಷಗಳಲ್ಲಿ, ವರ್ಷಕ್ಕೊಂದರಂತೆ, ಹತ್ತು ಬಂದೂಕುಗಳನ್ನು ಅವರೇ ಆರಿಸಿಕೊಂಡರು. ತಮ್ಮ ಕಣ್ಣೆದುರಿಗೇ ಬಿಚ್ಚಿಸಿ ಭಾಗಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ಕಲಸಿದರು. ಆಮೇಲೆ ಕೈಗೆ ಸಿಕ್ಕಿದ ಭಾಗವನ್ನು ಒಂದೊಂದಾಗಿ ಎತ್ತಿ ಕೆಲಸಗಾರನಿಗೆ ಕೊಡುತ್ತ ಹೋದರು. ಅವನ ಕೈಯಲ್ಲಿ ಅರವಿರಲಿಲ್ಲ, ಇದ್ದದ್ದು ತಿರುಪುಳಿಯೊಂದೇ. ಹತ್ತು ಬಂದೂಕುಗಳೂ ಮತ್ತೆ ಎದ್ದು ನಿಂತವು.

ಆಂಗ್ಲರು ಬೆರಗಾಗಿ ಸುಮ್ಮನಾಗಲಿಲ್ಲ. ಯಂತ್ರಗಳನ್ನು ಕೊಂಡು ತಮ್ಮ ಎನ್‌ಫೀಲ್ಡ್ ಕಾರ್ಖಾನೆಗೆ ಸಾಗಿಸಿದರು. ಅಲ್ಲಿ ಅವು ತಯಾರಿಸಬೇಕಾಗಿದ್ದದ್ದು 1853ರ ಮಾದರಿಯ ಬಂದೂಕನ್ನು. ಕೊಬ್ಬು ಸವರಿದ ತೋಟೆಯಿಂದ 1857ರಲ್ಲಿ ನಮ್ಮ ಸಿಪಾಯಿಗಳನ್ನು ಕೆರಳಿಸಿದ್ದು ಆ ಮಾದರಿಯದೇ ಬಂದೂಕು. ಹಲಗಲಿಯ ಪಾಠದಲ್ಲಿ ಆ ಹುಡುಗ ಕೇಳಿದ್ದು ಅಪ್ರಸ್ತುತವೆಂದು ನಕ್ಕವರು ನಾವು!

ಯುದ್ಧ ಹೆತ್ತ ವಿದ್ಯೆ ಇದು ಎಂಬ ಕಸಿವಿಸಿ ನನಗೂ ಉಂಟು. ಕವಿ ಲಾಂಗ್‌ಫೆಲೊ 1843ರಲ್ಲಿ ಹೊಸ ಮಡದಿಯೊಡನೆ ಈ ಶಸ್ತ್ರಾಗಾರವನ್ನು ನೋಡಿ, ಯುದ್ಧವನ್ನು ಹಳಿದು ಒಂದು ಕವನ ಬರೆದ. ಆದರೆ ಹೊಲಿಗೆ ಯಂತ್ರ, ಬೈಸಿಕಲ್ಲು, ಮೋಟಾರು ಎಲ್ಲವನ್ನೂ ಅಗ್ಗವಾಗಿಸಿದ್ದು ಬಂದೂಕಿನ ಕಾರ್ಖಾನೆಗಳಲ್ಲಿ ಬೆಳೆದ ಈ ವಿಧಾನವೇ. ನಮ್ಮ ಸೈಕಲ್ ಅಂಗಡಿಯವನು ಪೇಟೆಯಿಂದ ತಂದ ನಟ್ಟನ್ನು ಯೋಚನೆಯಿಲ್ಲದೆ ತಿರುಗಿಸುವಾಗ ಆ ಹತ್ತು ಬಂದೂಕುಗಳ ಪುಣ್ಯವನ್ನೇ ಉಣ್ಣುತ್ತಾನೆ.

ಅರದ ವಿದ್ಯೆ ಗುರುವಿನ ಕೈಯಲ್ಲಿತ್ತು. ಈ ವಿದ್ಯೆ ನಕ್ಷೆಯಲ್ಲಿ, ಗೇಜಿನಲ್ಲಿ, ಯಂತ್ರದಲ್ಲಿ ನಿಂತಿತು. ಆದ್ದರಿಂದಲೇ ಅದನ್ನು ಕಪ್ಪುಹಲಗೆಯ ಮೇಲೂ ಕಲಿಸಬಹುದಾಯಿತು. ಕುಶಲಿಗೆ ಇದರಿಂದ ನಷ್ಟವಾಯಿತು, ನಿಜ. ಗುರುವಿನ ಮನೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮಕ್ಕಳಿಗೆ ಲಾಭವಾಯಿತೆಂಬುದೂ ಅಷ್ಟೇ ನಿಜ. ಎರಡು ವರ್ಷದ ಕಾಲೇಜೆಂಬುದು ಅಮೆರಿಕದಲ್ಲಿ 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ಟಿನಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾದಾಗ ವಿಶ್ವವಿದ್ಯಾನಿಲಯಕ್ಕೆ ಒಂದು ಮೆಟ್ಟಿಲಾಗಿತ್ತು. ಕಸುಬಿನ ಶಿಕ್ಷಣ ಇಂಥ ಕಾಲೇಜುಗಳೊಳಗೆ ಆಮೇಲೆ ಬಂತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗ ಇಂಥವು ಊರೂರಿಗೂ ಬೇಕೆಂದು ಹೇಳಿತು.

ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯನ್ನು ಮುಚ್ಚುವುದಾಗಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರ 1964ರಲ್ಲಿ ಸಾರಿದರು. 1968ರಲ್ಲಿ ಬಾಗಿಲು ಬಿತ್ತು. ತಲೆಮಾರುಗಳಿಂದ ಅಲ್ಲಿ ದುಡಿದ ಊರಿನ ಪಾಡನ್ನು ಊಹಿಸಿಕೊಳ್ಳಬಹುದು. ಆದರೆ ಆ ಆವರಣ ಪಾಳು ಬೀಳಲಿಲ್ಲ. 1967ರಲ್ಲಿ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜು ಅಲ್ಲಿ ನೆಲೆಯೂರಿತು. ಸುಮಾರು 35 ಎಕರೆ ಕಾಲೇಜಿಗೆ, ಉಳಿದದ್ದು ವಸ್ತುಸಂಗ್ರಹಾಲಯ. ಒಂದು ಕಡೆ ಬ್ಲಾಂಚರ್ಡನ ಚರಕಿ ನೋಟಕ್ಕಿದೆ. ಕೂಗಳತೆಯಲ್ಲಿ ಹುಡುಗ ಹುಡುಗಿಯರು ನಕ್ಷೆ ಓದುವುದನ್ನು, ಇಂಚಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರೊಮೀಟರಿನಲ್ಲಿ ಹಿಡಿಯುವುದನ್ನು, ಗಣಕಯಂತ್ರಕ್ಕೆ ಅಂಕಿಗಳನ್ನು ಕೊಟ್ಟು ಲೋಹ ಕೊರೆಸುವುದನ್ನು ಕಲಿಯುತ್ತಾರೆ. ಬ್ಲಾಂಚರ್ಡನ ಮಾದರಿ ಹಿಡಿಯ ಜಾಗದಲ್ಲಿ ಈಗ ಅಂಕಿಗಳ ಸಾಲು.

ನನ್ನ ಹಳೆಯ ಶಿಷ್ಯ ಡಿಪ್ಲೊಮಾ ಮುಗಿಸಿ ಈಗ ಒಂದು ಕಾರ್ಖಾನೆಯಲ್ಲಿದ್ದಾನೆ. ಕಳೆದ ದಸರೆಯಲ್ಲಿ ಮನೆಗೆ ಬಂದಿದ್ದ. ಅವನಿಗೆ ಕೊಟ್ಟ ಸಲಹೆಯ ಮಾತನ್ನು ನಾನೇ ಎತ್ತಿದೆ, ಅವನು ಅದನ್ನು ಬದಿಗೆ ಸರಿಸಿ, “ಗೇಜಿಗೆ ಕನ್ನಡದಲ್ಲಿ ಏನೆನ್ನಬೇಕು ಸಾರ್? ಹೊಸ ಹುಡುಗರಿಗೆ ಹೇಳಿಕೊಡಬೇಕು” ಎಂದ. “ಅಳತೆಗೋಲು ಅನ್ನಬಹುದಲ್ಲ” ಎಂದೆ.

“ಇಲ್ಲ ಸಾರ್, ಅದು ಅಳೆಯುವುದಿಲ್ಲ. ಹೌದು, ಅಲ್ಲ, ಅಷ್ಟೇ ಹೇಳುತ್ತದೆ.”

“ನಿಮ್ಮ ತಂದೆಯವರು ಏನೆನ್ನುತ್ತಾರೆ?”

“ಅಪ್ಪನಿಗೆ ಅದು ಬೇಕಾಗಲೇ ಇಲ್ಲ, ಸಾರ್” ಎಂದು ನಕ್ಕ.