ಬಚ್ಚಲ ನೀರು ಎಲ್ಲಿಗೆ ಹೋಗಬೇಕು?

ಕಲಬುರಗಿ ಸೀಮೆಯ ಬಹುಪಾಲು ನೆಲ ಕಪ್ಪು ಎರೆಮಣ್ಣು, ಅದರಡಿ ಬಸಾಲ್ಟ್ ಬಂಡೆ. ಎರೆಮಣ್ಣು ಹಸಿಯಾದರೆ ನೀರನ್ನು ಬೇಗ ಇಂಗಿಸುವುದಿಲ್ಲ. ಬಂಡೆಯ ಬಿರುಕಿಗಿಳಿದ ಕೊಳಚೆಯೋ ಸೋಸದೆಯೇ ಕೊಳವೆಬಾವಿ ಸೇರಬಹುದು.

ಕಲಬುರಗಿಯಂಥ ಮಹಾನಗರಕ್ಕೆ ಒಳಚರಂಡಿ ಜಾಲ ಹೊಂದುತ್ತದೆ. ಆದರೆ ಕಮಲಾಪುರದಂಥ ಸಣ್ಣ ಊರಿಗೆ ಅದರ ಖರ್ಚು ಭಾರ.

ಇಂಥ ಊರುಗಳು ನೋಡಲೇಬೇಕಾದ ಮಾದರಿ ದೇವನಹಳ್ಳಿಯದು. 2015ರಲ್ಲಿ ಅಲ್ಲಿ ಮಲಕೆಸರು ಸಂಸ್ಕರಣಾ ಘಟಕ ಆರಂಭವಾಯಿತು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಸೆಪ್ಟಿಕ್ ಟ್ಯಾಂಕುಗಳಿಂದ ಟ್ಯಾಂಕರ್ ಹೀರಿ ತಂದ ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳಿಂದ ಕಳಿತು, ಬಳಿಕ ಹಾಸುಗಳ ಮೇಲೆ ಒಣಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯೊಳಗೆ ಹಾಯುತ್ತದೆ. ಒಣಗಿದ್ದನ್ನು ಹಸಿ ಕಸದೊಂದಿಗೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ಕೆಸರು ಬಹುಮಟ್ಟಿಗೆ ಇಳಿಜಾರಿನಲ್ಲೇ ಸಾಗುವುದರಿಂದ ಕರೆಂಟಿನ ಅವಲಂಬನೆ ತೀರ ಕಡಿಮೆ. ಸಣ್ಣ ಪಟ್ಟಣಕ್ಕೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಸೆಪ್ಟಿಕ್ ಟ್ಯಾಂಕನ್ನು ಎರಡು–ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸಬೇಕು. ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಅದರೊಳಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅಪರಾಧ.