ಕಥೆಯ ಬಾಗಿಲಲ್ಲೇ ಕಾಳಗ

ಕಥೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದು ಬಹು ಹಳೆಯ ಪ್ರಶ್ನೆ. ಮೊದಲ ಪುಟದಲ್ಲಿಯೇ ಒಂದು ಹೊಡೆದಾಟವೋ ಬೆನ್ನಟ್ಟುವಿಕೆಯೋ ಇಲ್ಲದಿದ್ದರೆ ಓದುಗನು ಪುಸ್ತಕವನ್ನು ಕೆಳಗಿಡುತ್ತಾನೆಂದು ಎಳೆಯ ಲೇಖಕರು ಹಲವರು ನಂಬಿದ್ದಾರೆ. ಇದು ಚಲನಚಿತ್ರದಿಂದ ಅಂಟಿದ ಚಾಳಿಯೆಂದು ಹಿರಿಯರು ಮೂಗು ಮುರಿಯುತ್ತಾರೆ. ಈ ಎರಡು ಮಾತುಗಳಲ್ಲಿಯೂ ನಮ್ಮ ಸಾಹಿತ್ಯಚರಿತ್ರೆಯ ಮರೆವು ಇದೆಯೆಂದು ನನಗೆ ತೋರುತ್ತದೆ.

ಮಹಾಕಾವ್ಯವೆಂದರೆ ಸಮುದ್ರ, ಪರ್ವತ, ನಗರ, ಋತುಗಳೆಂದು ಹದಿನೆಂಟು ವರ್ಣನೆಗಳನ್ನು ದಾಟಿದ ಮೇಲೆ ಕಥೆ ಕಣ್ತೆರೆಯುವುದೆಂದು ನಾವು ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಆದರೆ ನಾಟಕಕಾರರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಕಾಳಿದಾಸನ ದುಷ್ಯಂತನು ಪ್ರಸ್ತಾವನೆ ಮುಗಿಯುತ್ತಿದ್ದಂತೆಯೇ ರಥವೇರಿ, ಬಿಲ್ಲು ಹಿಡಿದು, ಜಿಂಕೆಯನ್ನು ಅಟ್ಟಿಸಿಕೊಂಡು ಬರುತ್ತಾನೆ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಸೂತ್ರಧಾರನು ಮಡದಿಯೊಡನೆ ಚಂದ್ರಗ್ರಹಣದ ಮಾತೆತ್ತಿದರೆ ಸಾಕು. ತಾನಿರುವಾಗ ಚಂದ್ರಗುಪ್ತನನ್ನು ಮುಟ್ಟುವವನಾರೆಂದು ತೆರೆಯ ಹಿಂದಿನಿಂದಲೇ ಚಾಣಕ್ಯನ ಗುಡುಗು ಕೇಳುತ್ತದೆ. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ಕೌರವರ ಕ್ಷೇಮವನ್ನು ಹಾರೈಸುವಂತೆ ತೋರುವ ಒಂದು ಮಾತು ಕಿವಿಗೆ ಬಿದ್ದದ್ದೇ ಭೀಮನು ಸಿಡಿದೇಳುತ್ತಾನೆ. ಗದ್ದಲದ ಸಭೆಯನ್ನು ಸುಮ್ಮನಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೊಂದಿರಲಾರದು.

ಮಹಾಕಾವ್ಯ ರಚಿಸಿದವರಲ್ಲಿಯೂ ಭಾರವಿಯಂಥವನಿದ್ದನು. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಸಾಲಿನಲ್ಲಿ ಇವನ ಹೆಸರನ್ನು ನಿಲ್ಲಿಸಿದ್ದಾನೆ. ಅಂದರೆ ಕನ್ನಡ ನಾಡಿನ ಪಂಡಿತರು ಅವನನ್ನು ಆಗಲೇ ಬಲ್ಲವರಾಗಿದ್ದರು. ಅವನ ಕಿರಾತಾರ್ಜುನೀಯವು ದೀರ್ಘವಾದ ಪೀಠಿಕೆಯಿಲ್ಲದೆ ದ್ವೈತವನಕ್ಕೆ ಮರಳಿದ ಗೂಢಚಾರನ ವರದಿಯಿಂದ ತೊಡಗುತ್ತದೆ. ಅದನ್ನು ಕೇಳಿದ ದ್ರೌಪದಿ ಧರ್ಮರಾಜನನ್ನು ಮಾತಿನಿಂದ ತಿವಿಯುತ್ತಾಳೆ. ಯುದ್ಧ ದೂರವಿದೆ, ಕಿಡಿ ಮಾತ್ರ ಬಿದ್ದಾಯಿತು.

ಇಷ್ಟೆಲ್ಲ ಹೇಳಿದ್ದು ರನ್ನನ ಬಳಿಗೆ ಬರುವುದಕ್ಕಾಗಿ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಈತನು ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಸಾಹಸಭೀಮವಿಜಯವನ್ನು, ಎಂದರೆ ಗದಾಯುದ್ಧವನ್ನು ಬರೆದನು. ಅವನೆದುರಿಗೆ ಪಂಪನ 941ರ ವಿಕ್ರಮಾರ್ಜುನವಿಜಯವಿತ್ತು. ಪಂಪನು ಹದಿನಾಲ್ಕು ಆಶ್ವಾಸಗಳಲ್ಲಿ ಇಡೀ ಭಾರತವನ್ನು ಮೊದಲಿನಿಂದ ಹೇಳಿ, ಗದಾಯುದ್ಧವನ್ನು ಹದಿಮೂರನೆಯದರಲ್ಲಿ ತಂದಿದ್ದನು. ರನ್ನನು ಆ ಒಂದು ಆಶ್ವಾಸದ ವಸ್ತುವನ್ನು ಹಿಡಿದು ಹತ್ತು ಆಶ್ವಾಸಗಳಿಗೆ ಹಿಗ್ಗಿಸಿದನು. ಪೀಠಿಕೆಯನ್ನು ದಾಟಿದೊಡನೆ ನಾವಿರುವುದು ಯುದ್ಧದ ಕೊನೆಯ ದಿನದಲ್ಲಿ, ಭೀಮ ದ್ರೌಪದಿಯರ ನಡುವೆ. ದುಶ್ಶಾಸನನು ಸತ್ತಿದ್ದಾನೆ, ದುರ್ಯೋಧನನು ಬದುಕಿದ್ದಾನೆ. ಪ್ರತಿಜ್ಞೆಯಲ್ಲಿ ಅರ್ಧ ಮಾತ್ರ ನೆರವೇರಿದೆ.

ರನ್ನನು ವೇಣೀಸಂಹಾರದಿಂದ ಕಡ ತಂದನೆಂದು ವಿಮರ್ಶಕರು ಹೇಳುವುದುಂಟು. ಕಡ ತಂದದ್ದು ನಿಜವೇ. ಆದರೆ ಒಂದು ವ್ಯತ್ಯಾಸಕ್ಕೆ ಸಲ್ಲಬೇಕಾದಷ್ಟು ಬೆಲೆ ಸಂದಿಲ್ಲವೆಂದು ನನ್ನ ಭಾವನೆ. ಭಟ್ಟನಾರಾಯಣನ ಭೀಮನು ಗರ್ಜಿಸುವಾಗ ಯುದ್ಧವೇ ಆರಂಭವಾಗಿಲ್ಲ, ಕೃಷ್ಣನ ಸಂಧಾನ ನಡೆಯುತ್ತಿದೆ. ರನ್ನನು ಅಂಥ ಗರ್ಜನೆಯನ್ನೇ ಎತ್ತಿ ಹದಿನೆಂಟನೆಯ ದಿನಕ್ಕೆ ತಂದಿಟ್ಟನು. ಹಾಗೆ ಇಟ್ಟೊಡನೆ ಅವನ ತಲೆಯ ಮೇಲೆ ಒಂದು ಹೊರೆ ಬಿದ್ದಿತು: ಜೂಜು, ಸೀರೆಯ ಸೆಳೆತ, ವನವಾಸ, ಭೀಷ್ಮ ದ್ರೋಣ ಕರ್ಣರ ಪತನ, ಇವನ್ನೆಲ್ಲ ಎಲ್ಲಿ ಹೇಳುವುದು? ಸಿಂಹವು ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವಂತೆ ಹೇಳುತ್ತೇನೆಂದನು. ಇದೇ ಸಿಂಹಾವಲೋಕನಕ್ರಮ.

ಆ ಕ್ರಮವನ್ನು ಅವನು ನಡೆಸಿದ ಬಗೆಯನ್ನು ನೋಡಬೇಕು. ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನ ದೇಹ, ತಮ್ಮ ದುಶ್ಶಾಸನನ ದೇಹ, ಮಗ ಲಕ್ಷಣಕುಮಾರನ ದೇಹ, ಗೆಳೆಯ ಕರ್ಣನ ದೇಹ. ಒಂದೊಂದು ಹೆಣವೂ ಕಳೆದುಹೋದ ಒಂದೊಂದು ಪರ್ವ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಂತು ಕೊಂಡಾಡುತ್ತಾನೆ. ಹಿಂದಿನ ಕಥೆಯನ್ನು ಕವಿ ಬೇರೆಯಾಗಿ ನಿರೂಪಿಸಬೇಕಾಗಿಯೇ ಇಲ್ಲ. ಅರಸನ ಹೆಜ್ಜೆಗಳೇ ಅದನ್ನು ಹೇಳುತ್ತವೆ. ಇದರ ಫಲವಾಗಿ ಇನ್ನೊಂದು ಸಂಗತಿಯೂ ನಡೆಯಿತು, ಅದು ರನ್ನನ ಪೋಷಕನಿಗೆ ಹಿಡಿಸಿತೋ ಇಲ್ಲವೋ! ಕಾವ್ಯದ ನಾಯಕನು ಭೀಮ. ಕೊನೆಗೆ ಪಟ್ಟವೂ ಅವನಿಗೇ. ಆದರೆ ಆ ನಡಿಗೆಯನ್ನು ಜೊತೆಯಲ್ಲಿ ನಡೆದ ಓದುಗನಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದವನ ಮೇಲೆಯೇ ಮರುಕ. ಕಥೆಯನ್ನು ಮೊದಲಿನಿಂದ ಹೇಳಿದ್ದರೆ ಜೂಜಿನ ಸಭೆಯ ದುರ್ಯೋಧನನು ನಮ್ಮ ಕಣ್ಣಿಗೆ ಮೊದಲು ಬೀಳುತ್ತಿದ್ದನು; ಆಗ ಈ ಮರುಕ ಇಷ್ಟು ಸುಲಭವಾಗಿ ಹುಟ್ಟುತ್ತಿತ್ತೆ?

ಗ್ರೀಕರ ಹೋಮರನ ಇಲಿಯಡ್ ಕಾವ್ಯವೂ ಟ್ರಾಯ್ ಯುದ್ಧದ ಹತ್ತನೆಯ ವರ್ಷದಲ್ಲಿ ಆರಂಭವಾಗುತ್ತದೆ. ಕೇಳುಗನನ್ನು ನೇರವಾಗಿ ಕಥೆಯ ನಡುವಿಗೆ ಒಯ್ಯುವನೆಂದು ರೋಮಿನ ಹೊರೇಸನು ಅವನನ್ನು ಮೆಚ್ಚಿದ್ದಾನೆ. ಅಲ್ಲಿಯೂ ಮೊದಲಿಗೆ ಬರುವುದು ಕತ್ತಿಯ ಕಾಳಗವಲ್ಲ, ಅಖಿಲೀಸ್ ಮತ್ತು ಅಗಮೆಮ್ನಾನರ ಜಗಳ.

ಹೊಸಗನ್ನಡದ ಓದುಗನಿಗೆ ಈ ಬಗೆಯ ಆರಂಭದ ರುಚಿ ಹತ್ತಿಸಿದವರಲ್ಲಿ ಬಿ. ವೆಂಕಟಾಚಾರ್ಯರು ಮುಖ್ಯರು. ಬಂಕಿಮಚಂದ್ರರ 1865ರ ದುರ್ಗೇಶನಂದಿನಿಯನ್ನು ಅವರು ಕನ್ನಡಕ್ಕೆ ತಂದರು. ಬೇಸಗೆಯ ಕೊನೆಯ ಒಂದು ಸಂಜೆ, ವಿಷ್ಣುಪುರದಿಂದ ಮಂದಾರಣದ ಹಾದಿಯಲ್ಲಿ ಒಬ್ಬನೇ ಕುದುರೆ ಸವಾರ. ಕವಿಯುವ ಕತ್ತಲು, ಬಿರುಗಾಳಿ, ದಾರಿ ಕಾಣದೆ ಹೊಕ್ಕ ಶಿವಾಲಯ, ಅದರೊಳಗೆ ಇಬ್ಬರು ಸ್ತ್ರೀಯರು. ಸವಾರನು ಜಗತ್ಸಿಂಹ, ಮೊಗಲ್ ಸೇನಾಪತಿ ಮಾನಸಿಂಹನ ಮಗ. ಆ ಬಿರುಗಾಳಿಯಿಲ್ಲದಿದ್ದರೆ ತಿಲೋತ್ತಮೆಯ ಭೇಟಿಯಿಲ್ಲ, ಭೇಟಿಯಿಲ್ಲದಿದ್ದರೆ ಕಾದಂಬರಿಯೇ ಇಲ್ಲ. ಆಮೇಲೆ ನಮ್ಮ ಕಾದಂಬರಿಗಳ ಮೊದಲ ಪುಟಗಳಲ್ಲಿ ಎಷ್ಟೋ ಕುದುರೆಗಳು ಓಡಿದವು. ಕಾಲ ಕಳೆದಂತೆ ಮೋಟಾರು ಕಾರುಗಳು, ಪಿಸ್ತೂಲುಗಳು ಬಂದವು. ಹಸ್ತಪ್ರತಿಯನ್ನು ಹಿಡಿದು ಬರುವ ಹುಡುಗರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಈ ಗುಂಡು ಹಾರಿದ್ದರಿಂದ ನೂರನೆಯ ಪುಟದಲ್ಲಿ ಏನಾಯಿತು? ಕೆಲವರು ಪುಟ ತಿರುವಿ ಹುಡುಕುತ್ತಾರೆ. ಕೆಲವರು ನಕ್ಕು, ಹಸ್ತಪ್ರತಿಯನ್ನು ಚೀಲಕ್ಕೆ ಸೇರಿಸಿಕೊಂಡು, ಇನ್ನೊಮ್ಮೆ ಬರುವುದಾಗಿ ಹೇಳಿ ಹೊರಡುತ್ತಾರೆ.